ನೋಟಿಸ್ ಪೀರಿಯಡ್ ತಕರಾರು: ಗಡಿನಾಡ ಓದುಗರ ಪ್ರಶ್ನೆಗಳಿಗೆ ಉತ್ತರ

ಕೆಲಸ ಬಿಡುವಾಗ ಎದುರಾಗುವ ತೊಡಕುಗಳ ಬಗ್ಗೆ ಬರೆಯಿರಿ ಎಂದು ಕೇಳಿದ್ದಕ್ಕೆ ಕಾಸರಗೋಡು, ಮಂಜೇಶ್ವರ ತಾಲೂಕುಗಳಿಂದ ಹೆಚ್ಚು ಪತ್ರಗಳು ಬಂದಿವೆ. ಹೊಸೂರು, ಜತ್ತ, ಮಡಕಶಿರಾ, ತಾಳವಾಡಿ ಕಡೆಯವರೂ ಬರೆದಿದ್ದಾರೆ. ಮನೆ ಒಂದು ರಾಜ್ಯದಲ್ಲಿ, ದುಡಿಮೆ ಇನ್ನೊಂದರಲ್ಲಿ ಎನ್ನುವವರೇ ಜಾಸ್ತಿ. ಅವರೆಲ್ಲರಿಗೂ ಮೊದಲೇ ಒಂದು ಮಾತು: ಲೇಬರ್ ಆಫೀಸಿಗೆ ಬೇಕಾದದ್ದು ನೀವು ಕೆಲಸ ಮಾಡಿದ ಜಾಗ. ರೇಷನ್ ಕಾರ್ಡು ಯಾವ ರಾಜ್ಯದ್ದು ಎಂದು ಅಲ್ಲಿ ಯಾರೂ ನೋಡುವುದಿಲ್ಲ.

ಕುಂಬಳೆಯಿಂದ: ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ದಿನಾ ರೈಲಿನಲ್ಲಿ ಹೋಗಿ ಬರುವುದು. ಬೇರೆ ಕಡೆ ಕೆಲಸ ಸಿಕ್ಕಿತೆಂದು ರಾಜೀನಾಮೆ ಕೊಟ್ಟೆ. ಅಪಾಯಿಂಟ್‌ಮೆಂಟ್ ಆರ್ಡರಿನಲ್ಲಿ ಎರಡು ತಿಂಗಳ ನೋಟಿಸ್ ಎಂದಿದೆ, ಆದರೆ ಈಗ ಮೂರು ತಿಂಗಳು ಮಾಡಬೇಕು ಅನ್ನುತ್ತಾರೆ. ಎರಡು ವರ್ಷದ ಬಾಂಡ್ ಮುಗಿಯಲು ಐದು ತಿಂಗಳಿದೆ, ಅದಕ್ಕೆ ಒಂದು ಲಕ್ಷ ಕಟ್ಟಿ ಎನ್ನುತ್ತಾರೆ. ನನ್ನ ಒರಿಜಿನಲ್ ಸರ್ಟಿಫಿಕೇಟ್‌ಗಳೂ ಸಹಿ ಹಾಕಿದ ಖಾಲಿ ಚೆಕ್ಕೂ ಅವರ ಹತ್ತಿರವೇ ಇವೆ. ಎಂತ ಮಾಡುವುದು?

ನಾಲ್ಕು ವಿಷಯ ಒಂದರೊಳಗೊಂದು ಸಿಕ್ಕಿಕೊಂಡಿವೆ. ಆಸ್ಪತ್ರೆಯವರಿಗೆ ಅನುಕೂಲವಾಗಿರುವುದೂ ಆ ಸಿಕ್ಕೇ. ಒಂದೊಂದನ್ನೂ ಬೇರೆ ಮಾಡಿ, ಬೇರೆ ಬೇರೆ ಪತ್ರದಲ್ಲೇ ಬರೆಯಿರಿ.

ಮೊದಲು ನೋಟಿಸ್. ಆರ್ಡರಿನಲ್ಲಿ ಎರಡು ತಿಂಗಳು ಎಂದು ಬರೆದು, ಆಮೇಲೆ ನೋಟಿಸ್ ಬೋರ್ಡಿಗೆ ಒಂದು ಸರ್ಕ್ಯುಲರ್ ಅಂಟಿಸಿ ಮೂರು ಮಾಡಿದರೆ ಅದು ತಾನಾಗಿ ನಿಮ್ಮನ್ನು ಕಟ್ಟುವುದಿಲ್ಲ. ಆದರೆ ಆರ್ಡರಿನ ಕೊನೆಯ ಪುಟ ನೋಡಿ. "ಕಾಲಕಾಲಕ್ಕೆ ಬದಲಾಗುವ ಸಂಸ್ಥೆಯ ನಿಯಮಗಳಿಗೆ ಒಳಪಟ್ಟು" ಎಂಬ ಸಾಲಿದ್ದರೆ, ಅಥವಾ ಸರ್ಕ್ಯುಲರಿಗೆ ನೀವು ಸಹಿ ಹಾಕಿದ್ದರೆ, ಅವರ ವಾದಕ್ಕೆ ಸ್ವಲ್ಪ ಬಲ ಬರುತ್ತದೆ.

ಅದೇ ಕಲಮಿನಲ್ಲಿ ಇನ್ನೊಂದನ್ನು ಹುಡುಕಿ: ನೋಟಿಸ್ ಬದಲಿಗೆ ಸಂಬಳ ಕಟ್ಟಿ ಹೋಗುವ ಆಯ್ಕೆ ಯಾರ ಕೈಯಲ್ಲಿದೆ? "ಎರಡು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ, ಎರಡೂ ಕಡೆಯಿಂದ" ಎಂದಿದ್ದರೆ ಆಯ್ಕೆ ನಿಮ್ಮದೂ ಹೌದು. ಹಣ ಕಟ್ಟಿ ಹೊರಡಬಹುದು, ಅವರು ತಡೆಯುವಂತಿಲ್ಲ. "ಆಡಳಿತದ ವಿವೇಚನೆಗೆ ಬಿಟ್ಟದ್ದು" ಎಂದಿದ್ದರೆ ಅವರು ಒಪ್ಪಬೇಕು. ಈ ಒಂದು ಸಾಲನ್ನು ಓದದೆ ಹೊಸ ಕಡೆ ಸೇರುವ ತಾರೀಕು ಒಪ್ಪಿಕೊಂಡು, ಆಮೇಲೆ ಪೇಚಾಡುವವರೇ ಹೆಚ್ಚು.

ಹಣ ಎಷ್ಟು ಎಂಬುದೂ ಅಲ್ಲೇ ಇರುತ್ತದೆ. ನಿಮ್ಮ ಒಟ್ಟು ಸಂಬಳ 24,000, ಬೇಸಿಕ್ 12,000 ಎಂದುಕೊಳ್ಳಿ. 60 ದಿನದ ನೋಟಿಸಿನಲ್ಲಿ 25 ದಿನ ಕೆಲಸ ಮಾಡಿದಿರಿ, ಕೊರತೆ 35 ದಿನ. ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕಿದರೆ ದಿನಕ್ಕೆ 800ರಂತೆ 28,000 ರೂಪಾಯಿ. ಬೇಸಿಕ್ ಮೇಲಾದರೆ 14,000. ಆರ್ಡರಿನಲ್ಲಿ ಬೇಸಿಕ್ ಎಂದು ಬರೆದು, ಲೆಕ್ಕದ ಹಾಳೆಯಲ್ಲಿ ಒಟ್ಟು ಸಂಬಳ ಹಿಡಿಯುವುದು ಬಹಳ ಕಡೆ ನಡೆಯುತ್ತದೆ. ಇನ್ನು 11 ದಿನ ಗಳಿಕೆ ರಜೆ ಬಾಕಿ ಇದ್ದು, ಅದನ್ನು ಕೊರತೆಯಿಂದ ಕಳೆಯಲು ಅವರ ನಿಯಮ ಒಪ್ಪಿದರೆ ಉಳಿಯುವುದು 24 ದಿನ: 19,200 ಅಥವಾ 9,600. ನಿಯಮ ಒಪ್ಪದಿದ್ದರೂ ಲಿಖಿತವಾಗಿ ಕೇಳಿ. ಕೇಳದವರಿಗೆ ಯಾರೂ ಕೊಡುವುದಿಲ್ಲ.

ಈಗ ಬಾಂಡ್. "ಬಾಂಡ್‌ಗೆಲ್ಲ ಕೋರ್ಟಿನಲ್ಲಿ ಬೆಲೆಯಿಲ್ಲ" ಎಂದು ಹೇಳುವವರ ಮಾತು ನಂಬಬೇಡಿ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಎರಡು ಲಕ್ಷ ಎಂಬ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಹೊಸಬರನ್ನು ಆರಿಸಿಕೊಳ್ಳಲು ಸಾರ್ವಜನಿಕ ವಲಯದ ಬ್ಯಾಂಕು ಜಾಹೀರಾತು, ಪರೀಕ್ಷೆ ಎಂದು ದೊಡ್ಡ ಪ್ರಕ್ರಿಯೆಯನ್ನೇ ಮತ್ತೆ ನಡೆಸಬೇಕು ಎಂಬುದು ಅಲ್ಲಿ ಲೆಕ್ಕಕ್ಕೆ ಬಂತು. ಹಾಗೆಂದು ಬಾಂಡಿನಲ್ಲಿ ಬರೆದಷ್ಟೂ ಕೊಡಬೇಕು ಎಂದಲ್ಲ. ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಬರೆದ ಮೊತ್ತ ಮೇಲಿನ ಮಿತಿ, ಅದರೊಳಗೆ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ನಿಮಗೆ ಆಸ್ಪತ್ರೆ ಖರ್ಚು ಮಾಡಿ ಯಾವ ತರಬೇತಿ ಕೊಟ್ಟಿತು? ಐಸಿಯು ಕೋರ್ಸಿಗೆ ಹೊರಗೆ ಕಳಿಸಿತ್ತೇ, ಅಥವಾ ಸೇರಿದ ಮರುದಿನವೇ ವಾರ್ಡಿಗೆ ಹಾಕಿತ್ತೇ? 24 ತಿಂಗಳಲ್ಲಿ 19 ತಿಂಗಳು ದುಡಿದಿದ್ದೀರಿ. ಲಕ್ಷವನ್ನು ತಿಂಗಳಿಗೆ ಹಂಚಿದರೆ ಐದು ತಿಂಗಳ ಪಾಲು 20,833 ರೂಪಾಯಿ. ರಾಜಿಗೆ ಕೂರುವುದಾದರೆ ಈ ಅಂಕಿಯಿಂದ ಕೆಳಕ್ಕೆ ಮಾತು ಶುರು ಮಾಡಿ.

ಸರ್ಟಿಫಿಕೇಟ್ ವಿಷಯದಲ್ಲಿ ರಾಜಿಯ ಮಾತೇ ಬೇಡ. ಅದು ನಿಮ್ಮ ಸೊತ್ತು, ಬಾಕಿ ವಸೂಲಿಗೆ ಒತ್ತೆ ಇಟ್ಟುಕೊಳ್ಳುವ ವಸ್ತುವಲ್ಲ. ಯಾವ ಯಾವ ದಾಖಲೆ, ಯಾವ ದಿನ ಕೊಟ್ಟದ್ದು ಎಂಬ ಪಟ್ಟಿ ಮಾಡಿ, ಏಳು ದಿನದ ಗಡುವು ಹಾಕಿ ಪತ್ರ ಕಳಿಸಿ. ಜಗ್ಗದಿದ್ದರೆ ವಕೀಲರ ನೋಟಿಸ್, ಜೊತೆಗೆ ಆಸ್ಪತ್ರೆ ಇರುವ ಠಾಣೆಗೆ ಒಂದು ದೂರು ಅರ್ಜಿ. ಲೇಬರ್ ಆಫೀಸಿನ ದೂರು ಮಂಗಳೂರಿನಲ್ಲಿಯೇ ಕೊಡಬೇಕು. ತಲಪಾಡಿ ಗೇಟಿನ ಈಚೆ ಇರುವ ಕಾಸರಗೋಡಿನ ಆಫೀಸು ಅದನ್ನು ತೆಗೆದುಕೊಳ್ಳುವುದಿಲ್ಲ.

ಚೆಕ್ಕಿನ ಬಗ್ಗೆ ಎಚ್ಚರ ಬೇಕು. ಬ್ಯಾಂಕಿಗೆ ಹೋಗಿ ಸ್ಟಾಪ್ ಪೇಮೆಂಟ್ ಮಾಡಿದರೆ ಮುಗಿಯಿತು ಎಂದುಕೊಳ್ಳಬೇಡಿ, ಸ್ಟಾಪ್ ಪೇಮೆಂಟ್ ಆದ ಚೆಕ್ಕಿನ ಮೇಲೂ ಚೆಕ್ ಬೌನ್ಸಿಗೆ ಸಂಬಂಧಿಸಿದ 138ನೇ ಕಲಮಿನ ಕೇಸು ಹಾಕುತ್ತಾರೆ. ಮೊದಲು ಆಸ್ಪತ್ರೆಗೆ ಬರೆಯಿರಿ: ಚೆಕ್ಕಿನ ನಂಬರ್ ಇಂಥದ್ದು, ಸೇರುವಾಗ ಭದ್ರತೆಗೆಂದು ಖಾಲಿ ಕೊಟ್ಟದ್ದು, ಈಗ ಯಾವ ಬಾಕಿಯೂ ಇತ್ಯರ್ಥವಾಗಿಲ್ಲ, ಹಾಕಬೇಡಿ, ಹಿಂದಿರುಗಿಸಿ. ಆಮೇಲೆ ಬ್ಯಾಂಕಿಗೆ ತಿಳಿಸಿ. ಅಷ್ಟರ ಮೇಲೂ ಚೆಕ್ ಹಾಕಿ ವಾಪಸಾಗಿ ನಿಮಗೆ ನೋಟಿಸ್ ಬಂದರೆ ಕೈಯಲ್ಲಿರುವುದು 15 ದಿನ. ಆ 15 ದಿನದೊಳಗೆ ವಕೀಲರ ಮೂಲಕ ಉತ್ತರ ಹೋಗಲೇಬೇಕು.

ಕೊನೆಗೆ, ನೀವು ಕೇಳದೆ ಬಿಟ್ಟ ಪ್ರಶ್ನೆ: ಬಲವಂತವಾಗಿ ಡ್ಯೂಟಿ ಮಾಡಿಸಬಹುದೇ? ಇಲ್ಲ. ಸೇವಾ ಕರಾರನ್ನು ಕೋರ್ಟು ಕೂಡ ಹಾಗೆ ಜಾರಿ ಮಾಡಿಸುವುದಿಲ್ಲ. ಅವರು ಕೇಳಬಹುದಾದದ್ದು ಹಣ ಮಾತ್ರ.

ಹೊಸೂರಿನಿಂದ: ಇಲ್ಲಿನ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಸೇರಿದ್ದು 2021ರ ಜುಲೈ 5. 2026ರ ಏಪ್ರಿಲ್ 6ಕ್ಕೆ ಮೇಲ್‌ನಲ್ಲಿ ರಾಜೀನಾಮೆ ಕಳಿಸಿದೆ. ನೋಟಿಸ್ 90 ದಿನ. 45 ದಿನಕ್ಕೆ ಬಿಡಿ ಎಂದರೆ, "ಇನ್ನೂ ಆಕ್ಸೆಪ್ಟ್ ಮಾಡಿಲ್ಲ, ಆಕ್ಸೆಪ್ಟ್ ಮಾಡಿದ ದಿನದಿಂದ ನೋಟಿಸ್ ಶುರು" ಎನ್ನುತ್ತಾರೆ. ಬೇಗ ಬಿಡಿಸಿಕೊಳ್ಳುವ ದಾರಿ ಹೇಳಿ.

ದಾರಿ ಹೇಳುವ ಮೊದಲು, ಬೇಗ ಬಿಡಿಸಿಕೊಳ್ಳಬೇಡಿ ಎನ್ನುತ್ತೇವೆ. ಕ್ಯಾಲೆಂಡರ್ ತೆಗೆದು ಎಣಿಸಿ. ಏಪ್ರಿಲ್ 7 ಮೊದಲ ದಿನವಾದರೆ 90ನೇ ದಿನ ಜುಲೈ 5. ನಿಮ್ಮ ಐದು ವರ್ಷ ತುಂಬುವುದು ಜುಲೈ 4ಕ್ಕೆ. ಪೂರ್ತಿ ನೋಟಿಸ್ ಮಾಡಿದರೆ, ಐದು ವರ್ಷ ದುಡಿದವರಿಗೆ ಬಿಡುವಾಗ ಸಿಗುವ ಗ್ರಾಚ್ಯುಟಿ ಹಣಕ್ಕೆ ಯಾರೂ ಕೊಕ್ಕೆ ಹಾಕುವಂತಿಲ್ಲ. ಕೊನೆಯ ಬೇಸಿಕ್ ಮತ್ತು ಡಿ.ಎ. ಸೇರಿ 18,000 ಇದ್ದರೆ, 18,000ವನ್ನು 15ರಿಂದಲೂ 5ರಿಂದಲೂ ಗುಣಿಸಿ 26ರಿಂದ ಭಾಗಿಸಿ: 51,923 ರೂಪಾಯಿ. 45 ದಿನ ಮೊದಲು ಹೊರಟು ಇದನ್ನು ಕಳೆದುಕೊಳ್ಳುವುದು ಯಾವ ಲೆಕ್ಕದ ಜಾಣತನ?

ನಾಲ್ಕು ವರ್ಷ 240 ದಿನವಾದರೆ ಸಾಕು ಎಂದು ನೀವು ಕೇಳಿರಬಹುದು. ಮದ್ರಾಸ್ ಹೈಕೋರ್ಟ್ ಹಾಗೆ ಹೇಳಿರುವುದು ನಿಜ, ಹೊಸೂರು ಅದರ ವ್ಯಾಪ್ತಿಯಲ್ಲೇ ಇದೆ. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಸಂಸ್ಥೆಯಲ್ಲಿ 240ರ ಬದಲು 190 ದಿನ. ಐದನೇ ವರ್ಷದಲ್ಲಿ ನಿಮಗೆ ಆ ದಿನಗಳು ಆಗಿರಲೂಬಹುದು. ಆದರೆ ಕಂಪನಿ ಒಪ್ಪದಿದ್ದರೆ ಅಧಿಕಾರಿಯ ಮುಂದೆ ವಾದ ಮಾಡಿ ಗೆಲ್ಲಬೇಕು. ಐದು ವರ್ಷ ತುಂಬಿದವರಿಗೆ ಆ ತಾಪತ್ರಯವಿಲ್ಲ.

ಇನ್ನು "ಆಕ್ಸೆಪ್ಟ್" ಮಾತು. ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ ನೋಟಿಸ್ ಶುರುವಾಗುವುದು ನಿಮ್ಮ ಪತ್ರ ಅವರಿಗೆ ತಲುಪಿದ ದಿನದಿಂದ. ಅವರ ಮೆಚ್ಚುಗೆಗೆ ಕಾಯಬೇಕಿಲ್ಲ. ಇಲಾಖಾ ವಿಚಾರಣೆ ಬಾಕಿ ಇದ್ದರೆ ಮಾತ್ರ ತಡೆಹಿಡಿಯುವುದಕ್ಕೆ ಅರ್ಥವಿದೆ. ಮೇಲ್ ಒಂದನ್ನೇ ನಂಬಬೇಡಿ. ಕಂಪನಿಯ ಐ.ಡಿ. ಬಂದ್ ಮಾಡಿದ ದಿನ ಆ ಮೇಲ್ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಸ್ವಂತ ಐ.ಡಿ.ಗೆ ಪ್ರತಿ ಹಾಕಿಕೊಳ್ಳಿ, ಅದೇ ಪತ್ರವನ್ನು ಅಂಚೆಯಲ್ಲೂ ಕಳಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ. ಕೌಂಟರಿನಲ್ಲಿ ರಿಜಿಸ್ಟ್ರೇಶನ್ನೂ ಡೆಲಿವರಿ ಪುರಾವೆಯೂ ಬೇಕೆಂದು ಹೇಳಿ ಕೇಳಬೇಕು. ಪತ್ರದಲ್ಲಿ ಮೂರು ಅಂಶ ಸಾಕು: ಯಾವ ಕಲಮಿನ ಪ್ರಕಾರ, ಎಷ್ಟು ದಿನದ ನೋಟಿಸ್, ಕೊನೆಯ ಕೆಲಸದ ದಿನ ಯಾವುದು. ಕಾರಣ ಬರೆಯಲೇಬೇಕೆಂದಿಲ್ಲ. ಮ್ಯಾನೇಜರ್ ಮೇಲಿನ ಸಿಟ್ಟನ್ನು ಅಲ್ಲಿ ತೀರಿಸಿಕೊಂಡರೆ ಆ ಹಾಳೆ ನಿಮ್ಮ ಫೈಲಿನಲ್ಲಿ ಶಾಶ್ವತ.

"ಒಂದು ತಿಂಗಳು" ಮತ್ತು "30 ದಿನ" ಒಂದೇ ಅಲ್ಲ ಎಂಬುದೂ ನೆನಪಿರಲಿ. ಜನವರಿ 31ಕ್ಕೆ ಪತ್ರ ಕೊಟ್ಟರೆ ಒಂದು ತಿಂಗಳು ಫೆಬ್ರವರಿ 28ಕ್ಕೆ ಮುಗಿಯುತ್ತದೆ, 30 ದಿನ ಮುಗಿಯುವುದು ಮಾರ್ಚ್ 2ಕ್ಕೆ. ಹೊಸ ಕಂಪನಿಗೆ ಮಾರ್ಚ್ 1 ಎಂದು ಮಾತು ಕೊಟ್ಟವರಿಗೆ ಆ ಎರಡು ದಿನವೇ ತಲೆನೋವು.

ನಿಮ್ಮ ವಿಷಯದಲ್ಲಿ ತಿರುಗುಬಾಣವೂ ಆಗಬಹುದು: ಗ್ರಾಚ್ಯುಟಿ ತಪ್ಪಿಸಲು ಕಂಪನಿಯೇ ಜೂನ್‌ನಲ್ಲಿ "ನಾಳೆಯಿಂದ ಬರಬೇಡಿ" ಎನ್ನಬಹುದು. ಹಾಗಾದರೆ ಅದೇ ದಿನ ಬರೆಯಿರಿ: ನಾನು ಜುಲೈ 5ರವರೆಗೆ ಕೆಲಸಕ್ಕೆ ಸಿದ್ಧ, ಮೊದಲೇ ಬಿಡುಗಡೆ ಮಾಡಲು ಕೇಳುತ್ತಿಲ್ಲ. 45 ದಿನಕ್ಕೆ ಬಿಡಿ ಎಂದು ಹಿಂದೆ ಕೇಳಿದ್ದನ್ನೂ ಲಿಖಿತವಾಗಿ ಈಗಲೇ ವಾಪಸ್ ಪಡೆಯಿರಿ.

ಉಪ್ಪಳದಿಂದ: ಇಲ್ಲಿನ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದೆ. ತಿಂಗಳಿಗೆ 13,000. ಆರ್ಡರ್ ಗೀರ್ಡರ್ ಏನೂ ಕೊಟ್ಟಿಲ್ಲ. 22 ದಿನ ಕೆಲಸ ಮಾಡಿ ಬಿಟ್ಟೆ. "ಒಂದು ತಿಂಗಳು ಮೊದಲೇ ಹೇಳಬೇಕಿತ್ತು, ಸಂಬಳ ಇಲ್ಲ" ಎಂದು ಸಾಹುಕಾರರು ಹೇಳುತ್ತಾರೆ.

ದುಡಿದ 22 ದಿನದ ಕೂಲಿಯನ್ನು ಇಟ್ಟುಕೊಳ್ಳುವ ಹಾಗಿಲ್ಲ. ಕೇರಳದ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 18ನೇ ಕಲಮಿನಲ್ಲಿ ಬರುವ ಒಂದು ತಿಂಗಳ ನೋಟಿಸ್, ಆರು ತಿಂಗಳು ದುಡಿದವರನ್ನು ತೆಗೆಯುವಾಗ ಮಾಲೀಕರು ಕೊಡಬೇಕಾದದ್ದು. ಆರ್ಡರೂ ಇಲ್ಲ, ಕರಾರೂ ಇಲ್ಲ ಎಂದಮೇಲೆ ನಿಮ್ಮ ಮೇಲೆ ಅದನ್ನು ತಿರುಗಿಸುವುದು ಹೇಗೆ? 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಪ್ರಕಾರ ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನದೊಳಗೆ ವೇತನ ಸಲ್ಲಬೇಕು. ಮೊದಲಿನ ಕಾನೂನಿನಲ್ಲಿ ಈ ಗಡುವು ಮಾಲೀಕರೇ ತೆಗೆದವರಿಗೆ ಮಾತ್ರ ಇತ್ತು.

26ರಿಂದ ಭಾಗಿಸಿದರೆ ದಿನಕ್ಕೆ 500, ನಿಮ್ಮದು 11,000 ರೂಪಾಯಿ. ಆರ್ಡರ್ ಇಲ್ಲದಿದ್ದರೂ ಕೆಲಸ ಮಾಡಿದ್ದಕ್ಕೆ ಗುರುತು ಉಳಿದಿರುತ್ತದೆ: ಬ್ಯಾಂಕಿಗೆ ಅಥವಾ ಗೂಗಲ್ ಪೇಗೆ ಬಂದ ಸಂಬಳ, ಇ.ಎಸ್.ಐ. ನಂಬರ್, ಅಂಗಡಿಯ ವಾಟ್ಸಾಪ್ ಗುಂಪಿನ ಡ್ಯೂಟಿ ಸಂದೇಶ. ಬಿಲ್ಲಿನ ಮೂಲೆಯಲ್ಲಿ ಸೇಲ್ಸ್‌ಮನ್ ಕೋಡ್ ಅಚ್ಚಾಗುತ್ತದಲ್ಲ, ನಿಮ್ಮ ಕೋಡಿರುವ ನಾಲ್ಕು ಬಿಲ್ಲಿನ ಫೋಟೊ ಗಿರಾಕಿ ಗೆಳೆಯರಿಂದ ಸಿಕ್ಕಿದರೂ ಒಳ್ಳೆಯದೇ. ಅಂಗಡಿ ಗುಂಪಿನಿಂದ ನಿಮ್ಮನ್ನು ತೆಗೆಯುವ ಮೊದಲೇ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಅರ್ಜಿಯನ್ನು ಅಸಿಸ್ಟೆಂಟ್ ಲೇಬರ್ ಆಫೀಸರಿಗೆ ಕೊಡಿ. ಅಲ್ಲಿ ಕೆಲಸವಾಗದಿದ್ದರೆ ಜಿಲ್ಲಾ ಲೇಬರ್ ಆಫೀಸರ್. ಕನ್ನಡದಲ್ಲೇ ಬರೆಯಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ಆದರೂ ಹೆಸರು, ಅಂಗಡಿ, ದಿನ, ಮೊತ್ತ ಇಷ್ಟನ್ನು ಮಲಯಾಳದಲ್ಲಿ ಒಂದು ಹಾಳೆ ಮಾಡಿ ಮೇಲೆ ಪಿನ್ ಮಾಡಿ. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ಅಧಿಕಾರಿಗೆ ಕನ್ನಡ ಓದಲು ಬಾರದಿದ್ದರೆ ಹಕ್ಕು ಉಳಿಯುತ್ತದೆ, ಅರ್ಜಿ ಕೂರುತ್ತದೆ.

ಜತ್ತ ತಾಲೂಕಿನಿಂದ: ಪುಣೆಯ ಸಾಫ್ಟ್‌ವೇರ್ ಕಂಪನಿಯಲ್ಲಿ 60 ದಿನದ ನೋಟಿಸಿನಲ್ಲಿ 20 ದಿನ ಮಾಡಿ ಬಿಟ್ಟು ಬೇರೆ ಕಡೆ ಸೇರಿದೆ. "ಅಬ್‌ಸ್ಕಾಂಡಿಂಗ್" (ಓಡಿಹೋದವ) ಎಂದು ಮೇಲ್ ಬಂದಿದೆ, ದುಡ್ಡು ಕಟ್ಟದಿದ್ದರೆ ಸಿಬಿಲ್ ಕೆಡಿಸುತ್ತೇವೆ ಅನ್ನುತ್ತಾರೆ. ಪಿ.ಎಫ್.ನಲ್ಲಿ ಬಿಟ್ಟ ತಾರೀಕು ಹಾಕಿಲ್ಲ. ಲ್ಯಾಪ್‌ಟಾಪ್ ನನ್ನ ಹತ್ತಿರವೇ ಇದೆ.

ಲ್ಯಾಪ್‌ಟಾಪನ್ನು ಇವತ್ತೇ ಕಳಿಸಿ. ನೋಟಿಸ್ ಕೊರತೆ ಬರೀ ಹಣದ ವ್ಯಾಜ್ಯ, ಆದರೆ ಕಂಪನಿಯ ವಸ್ತು ಇಟ್ಟುಕೊಂಡರೆ ಪೊಲೀಸ್ ದೂರಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಸೀರಿಯಲ್ ನಂಬರ್ ಕಾಣುವಂತೆ ಫೋಟೊ, ಪ್ಯಾಕ್ ಮಾಡುವ ವಿಡಿಯೊ, ವಿಮೆ ಮಾಡಿಸಿದ ಕೊರಿಯರ್, ರಸೀದಿ. ಚಾರ್ಜರ್ ಮರೆಯಬೇಡಿ, ಅದಕ್ಕೂ ಬಿಲ್ ಹಾಕುತ್ತಾರೆ.

ಸಿಬಿಲ್ ಬೆದರಿಕೆ ಪೊಳ್ಳು. ಅಲ್ಲಿ ದಾಖಲಾಗುವುದು ಬ್ಯಾಂಕು, ಹಣಕಾಸು ಸಂಸ್ಥೆಗಳ ಸಾಲ. ಹಳೆಯ ಕಂಪನಿ ನಿಮಗೆ ಸಾಲ ಕೊಟ್ಟಿಲ್ಲ. ಅವರು ಹಣಕ್ಕಾಗಿ ಸಿವಿಲ್ ದಾವೆ ಹಾಕಬಹುದು, ಅದಕ್ಕೆ ಮೂರು ವರ್ಷದ ಕಾಲಮಿತಿ ಇದೆ. ಅಬ್‌ಸ್ಕಾಂಡಿಂಗ್ ಮೇಲ್‌ಗೆ ಮೌನವಾಗಿ ಕೂರಬೇಡಿ: ಇಂಥ ದಿನ ರಾಜೀನಾಮೆ ಕೊಟ್ಟೆ, ಇಂಥ ದಿನದವರೆಗೆ ಬಂದೆ, 40 ದಿನದ ಕೊರತೆಯ ಲೆಕ್ಕ ವಿವರವಾಗಿ ಕೊಡಿ, ಬಾಕಿ ರಜೆಯನ್ನು ಅದರಿಂದ ಕಳೆಯಿರಿ. ರಾಜೀನಾಮೆ ಕೊಟ್ಟವನು "ಓಡಿಹೋದವನು" ಆಗುವುದಿಲ್ಲ ಎಂಬುದಕ್ಕೆ ಆ ಉತ್ತರವೇ ಆಧಾರ. ಕೊನೆಯ ಸಂಬಳದಲ್ಲಿ ಕಡಿತ ಮಾಡಿದರೂ ಎಲ್ಲ ಕಡಿತ ಸೇರಿ ಆ ಅವಧಿಯ ವೇತನದ ಶೇ. 50 ಮೀರಬಾರದು. ಪಿ.ಎಫ್.ಗೆ ಕೈ ಹಾಕುವಂತಿಲ್ಲ.

ಪಿ.ಎಫ್. ತಾರೀಕಿಗೆ ಅವರ ಕಾಲು ಹಿಡಿಯಬೇಕಿಲ್ಲ. ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ಪಿ.ಎಫ್. ಇಲಾಖೆಯ ಯು.ಎ.ಎನ್. ಪೋರ್ಟಲಿನಲ್ಲಿ "ಮ್ಯಾನೇಜ್" ಒಳಗಿನ "ಮಾರ್ಕ್ ಎಕ್ಸಿಟ್"ಗೆ ಹೋಗಿ, ಹಳೆಯ ಸಂಸ್ಥೆ ಆರಿಸಿ, ತಾರೀಕು ಮತ್ತು ಕಾರಣ ಹಾಕಿದರೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ. ಕೊನೆಯ ವಂತಿಗೆ ಬಂದ ತಿಂಗಳೊಳಗಿನ ದಿನವನ್ನೇ ಹಾಕಬೇಕು. ಇಲ್ಲಿ ಅವಸರ ಮಾಡಿ ತಪ್ಪು ದಿನ ಹಾಕಿದವರು ತಿದ್ದಿಸಲು ಜಂಟಿ ಅರ್ಜಿ ಹಿಡಿದು ಅದೇ ಹಳೆಯ ಕಂಪನಿಯ ಬಾಗಿಲಿಗೆ ಹೋಗಬೇಕಾಗಬಹುದು. ಹೊಸ ಕಂಪನಿಗೆ ಸೇರಿದ ದಿನ ಹಳೆಯದರ ಕೊನೆಯ ದಿನಕ್ಕಿಂತ ಮೊದಲು ಬಾರದಂತೆ ನೋಡಿಕೊಳ್ಳಿ. ಎರಡೂ ಒಂದರ ಮೇಲೊಂದು ಬಿದ್ದರೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ಮೊದಲು ಹಿಡಿಯುವುದು ಅದನ್ನೇ. ಪೋರ್ಟಲ್ ಕೈಕೊಟ್ಟರೆ ಪ್ರತಿ ತಿಂಗಳ 27ಕ್ಕೆ ಜಿಲ್ಲೆಗಳಲ್ಲಿ ನಡೆಯುವ ಪಿ.ಎಫ್. ಇಲಾಖೆಯ "ನಿಧಿ ಆಪ್ಕೆ ನಿಕಟ್" ಶಿಬಿರಕ್ಕೆ ಹೋಗಿ.

ಮಡಕಶಿರಾದಿಂದ: ರಾಜೀನಾಮೆ ಕೊಟ್ಟು ಹದಿನೈದು ದಿನವಾಯಿತು. ಈಗ ಮನಸ್ಸು ಬದಲಾಗಿದೆ. ವಾಪಸ್ ಪಡೆಯಬಹುದೇ?

ಕೊನೆಯ ದಿನ ಇನ್ನೂ ಬಂದಿಲ್ಲ, ಸ್ವೀಕರಿಸಿದ್ದೇವೆ ಎಂದು ನಿಮಗೆ ಬರಹದಲ್ಲಿ ತಿಳಿಸಿಯೂ ಇಲ್ಲ ಎಂದಾದರೆ ತಡಮಾಡದೆ ಇವತ್ತೇ ಹಿಂತೆಗೆತದ ಪತ್ರ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಕೊಂಕಣ ರೈಲ್ವೆ ನೌಕರರೊಬ್ಬರ ಪ್ರಕರಣದಲ್ಲಿ 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಸ್ವೀಕಾರ ಫೈಲಿನೊಳಗೆ ಇದ್ದರೆ ಸಾಲದು, ನೌಕರನಿಗೆ ತಲುಪಬೇಕು. ಅದು ಸರ್ಕಾರಿ ಸ್ವಾಮ್ಯದ ಸಂಸ್ಥೆ. ಖಾಸಗಿಯಲ್ಲಿ ನಿಮ್ಮ ಆರ್ಡರಿನ ಷರತ್ತು ಮೊದಲು ಬರುತ್ತದೆ. ಹಿಂತೆಗೆದ ಮೇಲೂ ದಿನಾ ಹಾಜರಾಗುತ್ತಿರಿ.

ಬದಿಯಡ್ಕದಿಂದ: ತಮ್ಮ ದುಬೈಯ ಒಂದು ಕಂಪನಿ ಸೇರಿ ನಾಲ್ಕು ತಿಂಗಳು. ಪ್ರೊಬೇಶನ್ ಮುಗಿದಿಲ್ಲ. ಅಲ್ಲಿಯೇ ಬೇರೆ ಕೆಲಸ ಸಿಕ್ಕಿದೆ. ಎಷ್ಟು ದಿನದ ನೋಟಿಸ್ ಕೊಡಬೇಕು? ಪಾಸ್‌ಪೋರ್ಟ್ ಕಂಪನಿಯಲ್ಲಿದೆ.

ಯು.ಎ.ಇ.ಯ 2021ರ 33ನೇ ಕಾರ್ಮಿಕ ಕಾನೂನಿನಲ್ಲಿ, ಪ್ರೊಬೇಶನ್ ಒಳಗೆ ಬಿಟ್ಟು ಆ ದೇಶದಲ್ಲೇ ಬೇರೆ ಕಂಪನಿ ಸೇರುವುದಾದರೆ ಒಂದು ತಿಂಗಳು, ದೇಶ ಬಿಟ್ಟು ಊರಿಗೆ ಬರುವುದಾದರೆ 14 ದಿನ. ಮೊದಲ ಪಕ್ಷದಲ್ಲಿ ನೇಮಕಾತಿಯ ಖರ್ಚನ್ನು ಹಳೆಯ ಕಂಪನಿ ಹೊಸ ಕಂಪನಿಯಿಂದ ಕೇಳಬಹುದು, ತಮ್ಮನಿಂದ ಅಲ್ಲ. ಊರಿಗೆ ಹೋಗುತ್ತೇನೆಂದು 14 ದಿನದಲ್ಲಿ ಬಿಡಿಸಿಕೊಂಡು ಮೂರು ತಿಂಗಳೊಳಗೆ ಹೊಸ ವೀಸಾದಲ್ಲಿ ಹಿಂದಿರುಗಿದರೂ ಆ ಖರ್ಚು ಹೊಸ ಕಂಪನಿಯ ತಲೆಗೇ ಬರುತ್ತದೆ. ಹೊಸಬರಿಗೆ ಇದನ್ನು ಮೊದಲೇ ಹೇಳಿಡಲಿ. ಪ್ರೊಬೇಶನ್ ಮುಗಿದವರಿಗೆ ಕರಾರಿನಂತೆ 30ರಿಂದ 90 ದಿನದ ನೋಟಿಸ್. ಕೆಲಸ ಬಿಟ್ಟ 14 ದಿನದೊಳಗೆ ಬಾಕಿಯೆಲ್ಲ ಕೊಡಬೇಕು. ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಅಲ್ಲಿಯೂ ಕಂಪನಿಗಿಲ್ಲ. ಹೇಳದೆ ಕೇಳದೆ ರೂಮಿನಲ್ಲಿ ಕೂತರೆ ಮಾತ್ರ ಗೈರುಹಾಜರಿಯ ದೂರು ಬಿದ್ದು ವೀಸಾಕ್ಕೇ ತೊಂದರೆಯಾಗುತ್ತದೆ.

ತಾಳವಾಡಿಯಿಂದ: ನೋಟಿಸ್ ಕೊರತೆಗೆಂದು 30,000 ಹಿಡಿದು, ಅದರ ಮೇಲೆ ಶೇ. 18 ಜಿ.ಎಸ್.ಟಿ. ಎಂದು 5,400 ಹೆಚ್ಚಿಗೆ ಕಡಿದಿದ್ದಾರೆ. ಸರಿಯೇ?

ಸರಿಯಲ್ಲ. ನೋಟಿಸ್ ಪೇ ವಸೂಲಿಗೆ ಜಿ.ಎಸ್.ಟಿ. ಇಲ್ಲವೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ 178ನೇ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಸುತ್ತೋಲೆಯ ನಂಬರ್ ನಮೂದಿಸಿ ಅಕೌಂಟ್ಸ್ ವಿಭಾಗಕ್ಕೆ ಮೇಲ್ ಹಾಕಿ 5,400 ವಾಪಸ್ ಕೇಳಿ. ಹಾಗೆಯೇ ಫಾರ್ಮ್ 16 ಬಂದಾಗ ಒಟ್ಟು ಸಂಬಳದ ಸಾಲನ್ನು ನೋಡಿ. ಕಡಿದ 30,000ವನ್ನೂ ನಿಮ್ಮ ಆದಾಯವೆಂದೇ ತೋರಿಸಿದ್ದರೆ, ರಿಟರ್ನ್ ಹಾಕುವ ಮೊದಲು ಲೆಕ್ಕಪತ್ರದ ಹಾಳೆಯ ಸಮೇತ ಆಡಿಟರ್ ಹತ್ತಿರ ಹೋಗಿ.